ಲೈಸೆನ್ಸ್ ನಡೆಯುತ್ತೆ, ಗಾಡಿ ನಡೆಯಲ್ಲ

ಕೇರಳದಿಂದ ಕೊಡಗಿಗೆ ಬಂದು ನೆಲೆಸಿದವರ ಗೋಳು ಕೇಳೋರೇ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಯಾವ ರಾಜ್ಯದ್ದಾದರೂ ದೇಶವಿಡೀ ನಡೆಯುತ್ತೆ. ಆದರೂ ರಸ್ತೆಯಲ್ಲಿ ತಡೆದವರೆಲ್ಲ ನಮ್ಮ ಭಾವನಿಗೆ, ‘ಇದು ಕಣ್ಣೂರಿಂದಲ್ವಾ? ಇಲ್ಲಿಗೆ ಯಾಕೆ ಬದಲಾಯಿಸಿಲ್ಲ?’ ಅಂತಾರೆ. ಬದಲಾಯಿಸೋಣ ಅಂದ್ರೆ ಇಲ್ಲಿನ ವಿಳಾಸಕ್ಕೆ ದಾಖಲೆ ಬೇಕು. ತೋಟದ ಲೈನ್‌ಮನೆಯಲ್ಲಿ ಇರೋರು ಎಲ್ಲಿಂದ ತರಬೇಕು? ಕರೆಂಟ್ ಬಿಲ್ಲು ಮಾಲೀಕರ ಹೆಸರಲ್ಲಿ ಬರುತ್ತೆ.

ಗಾಡಿಯದ್ದಂತೂ ಇನ್ನೂ ದೊಡ್ಡ ತಲೆನೋವು. 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಕೊಡಗಿನ ಕೆಎ 12 ನಂಬರಿಗೆ ಬದಲಾಯಿಸಲೇಬೇಕು. ಅದಕ್ಕೆ ಹಳೇ ಊರಿನ ಆರ್‌ಟಿಒ ಕಚೇರಿಯಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು, ಸಾಲದ ಗಾಡಿಯಾದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇರೆ. ಇಲ್ಲಿ ತೆರಿಗೆ ಮೊದಲು ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ಆಮೇಲೆ ಅರ್ಜಿ ಹಾಕಿ ಕೇಳಬೇಕು. ಎರಡೂ ಕಡೆ ಕೈಯಿಂದ ಹಾಕೋಕೆ ಕೂಲಿಯವನ ಹತ್ರ ದುಡ್ಡೆಲ್ಲಿರುತ್ತೆ? ಕೇರಳ ಗಡಿಯ ಮಾಕುಟ್ಟದ ಘಾಟಿ ಇಳಿದು ಹೋಗಿ ಬರೋ ದಿನದ ಸಂಬಳವೂ ಖೋತಾ.

2021ರಲ್ಲಿ ಬಿಎಚ್ ಸರಣಿ ತಂದರು, ಅಂದ್ರೆ ರಾಜ್ಯ ಬದಲಾದರೂ ಗಾಡಿ ನಂಬರ್ ಬದಲಾಯಿಸಬೇಕಿಲ್ಲ. ಒಳ್ಳೇದೇ. ಆದರೆ ಅದು ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರಿಗೆ. ತೋಟದ ಲೆಕ್ಕ ಬರೆಯೋ ರೈಟರಿಗೆ, ಬೇಕರಿ ಇಟ್ಟುಕೊಂಡವನಿಗೆ ಯಾಕಿಲ್ಲ? ಅವರೂ ಊರು ಬಿಟ್ಟು ದುಡಿಯೋಕೇ ಬಂದವರಲ್ವಾ?