“ನಾರು ತಿನ್ನಿ” ಅಂದರೆ ಸಾಲದು, ಯಾವ ನಾರು ಅಂತಲೂ ಹೇಳಿ

ಎಲ್‌ಡಿಎಲ್ (ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲ್) ಜಾಸ್ತಿ ಬಂದವರಿಗೆಲ್ಲ ಸಿಗುವ ಸಲಹೆ ಒಂದೇ: ಜಿಡ್ಡು ಕಮ್ಮಿ ಮಾಡಿ, ನಾರಿನಂಶ ಜಾಸ್ತಿ ತಿನ್ನಿ. ಸಲಹೆ ಸರಿಯಾಗೇ ಇದೆ. ಆದರೆ ಅರ್ಧಕ್ಕೇ ನಿಂತುಬಿಡುತ್ತದೆ. ಯಾವ ನಾರು, ದಿನಕ್ಕೆ ಎಷ್ಟು ಅಂತ ಬಿಡಿಸಿ ಹೇಳುವವರು ತೀರಾ ಕಮ್ಮಿ. ಪಾಪ, ಜನ ಗೋಧಿ ಹೊಟ್ಟು ತಂದು ಸಿಕ್ಕಿದ್ದಕ್ಕೆಲ್ಲ ಬೆರೆಸಿ ತಿಂಗಳುಗಟ್ಟಲೆ ನಿಷ್ಠೆಯಿಂದ ತಿನ್ನುತ್ತಾರೆ. ಮತ್ತೆ ಪರೀಕ್ಷೆ ಮಾಡಿಸಿದರೆ ಎಲ್‌ಡಿಎಲ್ ಇದ್ದಲ್ಲೇ ಇರುತ್ತದೆ. “ಇದೆಲ್ಲ ಸುಮ್ನೆ” ಅಂತ ಕೈಬಿಡುತ್ತಾರೆ. ನನಗೆ ಸಂಕಟ ಆಗುವುದು ಇಲ್ಲೇ.

ಗೋಧಿ ಹೊಟ್ಟಿನಲ್ಲಿರುವುದು ಬಹುಪಾಲು ಕರಗದ ನಾರು. ಮಲಬದ್ಧತೆಗೆ ಒಳ್ಳೆಯದು, ಕೊಲೆಸ್ಟ್ರಾಲ್ ಮಟ್ಟಿಗೆ ಅದರಿಂದ ಅಂಥ ಪ್ರಯೋಜನ ಇಲ್ಲ. ಕೊಲೆಸ್ಟ್ರಾಲ್ ಇಳಿಸುವುದು ನೀರು ಕುಡಿದು ಲೋಳೆಯಾಗುವ ನಾರು. ಓಟ್ಸ್, ಬಾರ್ಲಿಯಲ್ಲಿರುವ ಬೀಟಾ ಗ್ಲೂಕನ್, ಇಸಬಗೋಲು, ಸೇಬು ಕಿತ್ತಳೆಯ ಪೆಕ್ಟಿನ್, ಬೇಳೆಕಾಳುಗಳಲ್ಲಿರುವ ಕರಗುವ ನಾರು, ಇವೆಲ್ಲ ಈ ಗುಂಪಿಗೆ ಸೇರುತ್ತವೆ.

ವ್ಯತ್ಯಾಸ ಕಣ್ಣಾರೆ ನೋಡಬಹುದು. ಎರಡು ಲೋಟದಲ್ಲಿ ಅರ್ಧರ್ಧ ನೀರು ತೆಗೆದುಕೊಳ್ಳಿ. ಒಂದಕ್ಕೆ ಗೋಧಿ ಹೊಟ್ಟು, ಇನ್ನೊಂದಕ್ಕೆ ಇಸಬಗೋಲು, ಒಂದೊಂದು ದೊಡ್ಡ ಚಮಚ ಹಾಕಿ ಕಲಸಿ ಸ್ವಲ್ಪ ಹೊತ್ತು ಬಿಡಿ. ಹೊಟ್ಟು ನೆನೆದು ಮೆತ್ತಗಾಗುತ್ತದೆ ಅಷ್ಟೇ, ನೀರು ನೀರಾಗೇ ಉಳಿಯುತ್ತದೆ. ಇಸಬಗೋಲಿನ ಲೋಟ ಓರೆ ಮಾಡಿ ನೋಡಿ. ನೀರು ಹರಿಯುವುದಿಲ್ಲ, ಲೋಳೆಯ ಮುದ್ದೆ ಒಟ್ಟಿಗೇ ಜಾರುತ್ತದೆ.

ಈ ಲೋಳೆಯೇ ಕರುಳಲ್ಲಿ ಕೆಲಸ ಮಾಡುವುದು. ಕೊಬ್ಬು ಜೀರ್ಣವಾಗಲು ಪಿತ್ತರಸ ಬೇಕು. ಅದರಲ್ಲಿರುವ ಪಿತ್ತಾಮ್ಲವನ್ನು ಲಿವರ್ ಕೊಲೆಸ್ಟ್ರಾಲ್‌ನಿಂದಲೇ ತಯಾರಿಸುತ್ತದೆ. ಕೆಲಸ ಮುಗಿದ ಮೇಲೆ ಅದರಲ್ಲಿ ಶೇ. 95ರಷ್ಟನ್ನು ಕರುಳು ಹೀರಿಕೊಂಡು ಲಿವರ್‌ಗೆ ವಾಪಸ್ ಕಳಿಸುತ್ತದೆ. ಲೋಳೆ ಅದನ್ನು ಹಿಡಿದಿಟ್ಟುಕೊಂಡರೆ ಒಂದಷ್ಟು ಪಾಲು ಮಲದ ಜೊತೆ ಹೊರಗೆ ಹೋಗುತ್ತದೆ. ಆಗ ಲಿವರ್ ಹೊಸದಾಗಿ ತಯಾರಿಸಬೇಕು. ಅದಕ್ಕೆ ಬೇಕಾದ ಕೊಲೆಸ್ಟ್ರಾಲ್‌ಗೆ ರಕ್ತದಲ್ಲಿರುವ ಎಲ್‌ಡಿಎಲ್‌ಗೇ ಕೈ ಹಾಕುತ್ತದೆ. ಹೀಗೆ ಎಲ್‌ಡಿಎಲ್ ಅನ್ನು ಒಳಗೆ ಎಳೆದುಕೊಳ್ಳುವ, ಜೀವಕೋಶದ ಮೇಲಿರುವ ಗ್ರಾಹಕಗಳನ್ನು (ರಿಸೆಪ್ಟರ್) ಕಂಡುಹಿಡಿದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಕೊಲೆಸ್ಟೈರಮೀನ್ ಅನ್ನುವ ಹಳೆಯ ಔಷಧಿಯೂ ಪಿತ್ತಾಮ್ಲವನ್ನು ಹಿಡಿದೇ ಕೆಲಸ ಮಾಡುತ್ತದೆ. ಹಾಗಾಗಿ ನಾರಿನ ವಿಷಯವನ್ನು ಬರೀ ಮನೆಮದ್ದು ಅಂತ ತಳ್ಳಿಹಾಕಬೇಡಿ.

ಎಷ್ಟು ತಿನ್ನಬೇಕು? ಓಟ್ಸ್ ಪ್ಯಾಕೆಟ್ ಮೇಲೆ ಹೃದಯಕ್ಕೆ ಒಳ್ಳೆಯದು ಅಂತ ಬರೆಯಲು ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಒಪ್ಪಿದ್ದು ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಲೆಕ್ಕದಲ್ಲಿ. ಅಂದರೆ ಸುಮಾರು 75 ಗ್ರಾಂ ಒಣ ಓಟ್ಸ್. ಬಿಸ್ಕತ್ತಿಗೆ ಚಿಟಿಕೆ ಓಟ್ಸ್ ಉದುರಿಸಿ ಪ್ಯಾಕೆಟ್ ಮೇಲೆ ದೊಡ್ಡದಾಗಿ ಹೆಸರು ಬರೆದರೆ ಈ ಲೆಕ್ಕ ತುಂಬುವುದಿಲ್ಲ.

ಇಷ್ಟು ತಿಂದರೆ ಎಲ್‌ಡಿಎಲ್ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಇಳಿಯುತ್ತದೆ. 160 ಇದ್ದದ್ದು 150ರ ಆಸುಪಾಸಿಗೆ ಬರಬಹುದು. ಇಷ್ಟೇನಾ ಅನ್ನಿಸಬಹುದು. ಆದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಡೋಸ್ ದುಪ್ಪಟ್ಟು ಮಾಡಿದರೂ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇ. 6 ಮಾತ್ರ. ಹಾಗೆ ನೋಡಿದರೆ ಇದು ಸಣ್ಣ ಲಾಭ ಅಲ್ಲ, ಅಲ್ವಾ? 2003ರಲ್ಲಿ ಕೆನಡಾದ ಡೇವಿಡ್ ಜೆಂಕಿನ್ಸ್ ತಂಡ ಓಟ್ಸ್, ಬಾರ್ಲಿ, ಇಸಬಗೋಲಿನ ಜೊತೆ ಸೋಯಾ, ಬಾದಾಮಿ, ಗಿಡಗಳಲ್ಲಿ ಸಿಗುವ ಕೊಲೆಸ್ಟ್ರಾಲ್ ಹೋಲುವ ಸಸ್ಯ ಸ್ಟೆರಾಲ್‌ಗಳನ್ನೂ ಸೇರಿಸಿ ಒಂದು ತಿಂಗಳು ಪ್ರಯೋಗ ಮಾಡಿತ್ತು. ಎಲ್‌ಡಿಎಲ್ ಶೇ. 28ರ ಹತ್ತಿರ ಇಳಿದಿತ್ತು.

ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ, ದಯವಿಟ್ಟು. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ, ವಂಶದಿಂದಲೇ ಕೊಲೆಸ್ಟ್ರಾಲ್ ವಿಪರೀತ ಇರುವವರಿಗೆ ನಾರು ಒಂದೇ ಸಾಲದು. ಮಾತ್ರೆಯ ಜೊತೆಗೆ ನಾರು, ಮಾತ್ರೆಯ ಬದಲಿಗೆ ಅಲ್ಲ.

ಶುರು ಮಾಡುವಾಗ ಒಮ್ಮೆಲೇ ಜಾಸ್ತಿ ಬೇಡ. ಹೊಟ್ಟೆ ಉಬ್ಬರಿಸುತ್ತದೆ, ಗ್ಯಾಸ್ ಆಗುತ್ತದೆ, ನಾಲ್ಕೇ ದಿನಕ್ಕೆ ಸಾಕಪ್ಪಾ ಅನ್ನಿಸುತ್ತದೆ. ಸ್ವಲ್ಪ ಸ್ವಲ್ಪವಾಗಿ ಏರಿಸಿ, ನೀರು ಚೆನ್ನಾಗಿ ಕುಡಿಯಿರಿ. ಇಸಬಗೋಲನ್ನು ಒಣಗಿದ್ದು ಬಾಯಿಗೆ ಹಾಕಿಕೊಳ್ಳಲೇಬೇಡಿ, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ತುಂಬಿದ ಲೋಟ ನೀರಲ್ಲಿ ಕಲಸಿ ತಕ್ಷಣ ಕುಡಿಯಬೇಕು. ನುಂಗಲು ಕಷ್ಟ ಇರುವವರು, ಕರುಳಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಹಣ್ಣನ್ನು ಜ್ಯೂಸ್ ಮಾಡಿ ಸೋಸಿದರೆ ನಾರಿನ ಬಹುಪಾಲು ಜರಡಿಯಲ್ಲೇ ಉಳಿಯುತ್ತದೆ, ಹಣ್ಣನ್ನೇ ತಿನ್ನಿ.

ಆರು ವಾರ ಬಿಡದೆ ತಿಂದು ಆಮೇಲೆ ಪರೀಕ್ಷೆ ಮಾಡಿಸಿ. ರಿಪೋರ್ಟಲ್ಲಿ ಎಲ್‌ಡಿಎಲ್ ಸಾಲು ನೋಡಿ. ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್), ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) ಅಷ್ಟಾಗಿ ಬದಲಾಗಿರುವುದಿಲ್ಲ, ಅದಕ್ಕೆ ನಿರಾಸೆ ಬೇಡ. ಎಲ್‌ಡಿಎಲ್ ಇಳಿದಿದ್ದರೆ ತಿನ್ನುವುದನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ಅದು ಮತ್ತೆ ಏರುತ್ತದೆ.