ಸತ್ಯಾಂಶ: ಕಬ್ಬಿಣಾಂಶದ ಗುಳಿಗೆಯಿಂದ ಮಗು ಕಪ್ಪಾಗುತ್ತಾ?

ಬಸುರಿ ಕಬ್ಬಿಣಾಂಶದ ಗುಳಿಗೆ ನುಂಗಿದರೆ ಮಗು ಕಪ್ಪಾಗುತ್ತೆ ಅನ್ನೋ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇದೆ. ಇದು ನಿಜವಲ್ಲ. ಮಗುವಿನ ಬಣ್ಣ ಅಪ್ಪ, ಅವ್ವನಿಂದ ಬರುತ್ತದೆ, ಗುಳಿಗೆಯಿಂದಲ್ಲ.

ಗುಳಿಗೆ ತಗೊಂಡಾಗ ಮಲ ಕಪ್ಪಾಗೋದು ಮಾತ್ರ ನಿಜ. ಮೈಗೆ ಹತ್ತದೆ ಉಳಿದ ಕಬ್ಬಿಣ ಹಾಗೆ ಹೊರಗೆ ಹೋಗುತ್ತದೆ, ಅಷ್ಟೇ. ಹೆದರಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬಹುದು. ಹೊಟ್ಟೆಯಲ್ಲಿರೋ ಕೂಸಿನ ಚಿಂತೆ ಯಾರಿಗಿಲ್ಲ ಹೇಳಿ?

ಯಾದಗಿರಿಯ ಸುರಪುರದ ಕಡೆ ನಾಯಕ ಸಮುದಾಯದ ಎಷ್ಟೋ ಹೆಣ್ಣುಮಕ್ಕಳು ಹತ್ತಿ ಬಿಡಿಸೋಕೆ ನಸುಕಿಗೇ ಹೊಲಕ್ಕೆ ಹೋಗುತ್ತಾರೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಒಳ್ಳೆಯ ಊಟವೇ, ಬಿಡಬಾರದು. ಆದರೆ ಬಸುರಿಗೆ ಬೇಕಾದಷ್ಟು ಕಬ್ಬಿಣ ಊಟವೊಂದರಿಂದಲೇ ಸಿಗೋದು ಕಷ್ಟ. ಅದಕ್ಕೇ ದಿನಕ್ಕೊಂದರಂತೆ ಕನಿಷ್ಠ 180 ದಿನ ಗುಳಿಗೆ ಕೊಡೋದು. ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇರುತ್ತದೆ. ಚಹಾದ ಜೊತೆ ಮಾತ್ರ ನುಂಗಬೇಡಿ, ಕಬ್ಬಿಣ ಸರಿಯಾಗಿ ಮೈಗೆ ಹತ್ತಲ್ಲ. ನಿಂಬೆಹಣ್ಣಿನ ಪಾನಕ ಆಗಬಹುದು. ಹೊಟ್ಟೆ ತೊಳಸಿದರೆ ರಾತ್ರಿ ಊಟ ಆದಮೇಲೆ ತಗೊಳ್ಳಿ.

ಇಂಥ ಸಂದೇಶ ಬಂದಾಗ ಯಾರು ಬರೆದದ್ದು, ಯಾವಾಗ ಬರೆದದ್ದು ನೋಡಿ. ಎರಡೂ ಇರಲ್ಲ, ಅಲ್ವಾ? ಸುಮ್ನೆ ಮುಂದೆ ಕಳಿಸೋ ಮೊದಲು ಆಶಾ ಅಕ್ಕನಿಗೆ ತೋರಿಸಿ. ತಾಯಿ ಕಾರ್ಡ್ ತೆಗೆದು ಹಿಮೋಗ್ಲೋಬಿನ್, ಅಂದರೆ ಕಬ್ಬಿಣದಿಂದ ಆಗೋ ರಕ್ತದ ಕೆಂಪು ಅಂಶ, ಎಷ್ಟಿದೆ ಓದಿ. ಬಸುರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋದರೆ ಅಂಥ ತಾಯಿಯ ಜೀವಕ್ಕೇ ಕುತ್ತು.