ಕೊಲಂಗ್ ನದಿಯ ಬಾಯಿಗೆ ಹಾಕಿದ ಒಡ್ಡು

ಅಸ್ಸಾಮಿನ ನಗಾಂವ್‌ಗೆ ಹೊಸದಾಗಿ ಬಂದವರು ಕೊಲಂಗ್ ನೋಡಿದರೆ ದೊಡ್ಡ ಮೋರಿ ಅಂತಲೇ ಅಂದುಕೊಳ್ಳೋದು. ಚಳಿಗಾಲ ಕಳೆದ ಮೇಲೆ ಸೇತುವೆ ಮೇಲಿಂದ ಬಗ್ಗಿ ನೋಡಿ, ನೀರು ಯಾವ ಕಡೆಗೆ ಹರೀತಿದೆ ಅಂತಲೇ ಗೊತ್ತಾಗಲ್ಲ. ಜಲಕಳೆ ದಪ್ಪಗೆ ಹಬ್ಬಿರುತ್ತೆ, ಅದರ ಮೇಲೆ ಬೆಳ್ಳಕ್ಕಿ ಆರಾಮಾಗಿ ನಡೆದಾಡ್ತಿರುತ್ತೆ, ಮಧ್ಯೆ ಪ್ಲಾಸ್ಟಿಕ್ ಚೀಲ.

ಇದು ಬ್ರಹ್ಮಪುತ್ರದ ಕವಲು ಅಂದರೆ ನಂಬೋದು ಕಷ್ಟ. ಜಖಲಾಬಂಧಾ ಹತ್ತಿರದ ಹಾತಿಮುರಾದಲ್ಲಿ ಬೇರೆಯಾಗಿ, ಸುಮಾರು 250 ಕಿ.ಮೀ. ಸುತ್ತಿ ಬಳಸಿ, ಗುವಾಹಟಿಗಿಂತ ಮೊದಲೇ ಕಾಜಲಿಮುಖದಲ್ಲಿ ಮತ್ತೆ ದೊಡ್ಡ ನದಿಗೇ ಸೇರ್ತಿದ್ದ ಹೊಳೆ. 1964ರಲ್ಲಿ ನಗಾಂವ್ ಪೇಟೆಗೆ ನೆರೆ ನುಗ್ಗದಿರಲಿ ಅಂತ ಹಾತಿಮುರಾದಲ್ಲಿ ಒಡ್ಡು ಹಾಕಿ ಕವಲಿನ ಬಾಯನ್ನೇ ಮುಚ್ಚಿದರು.

ಮುಚ್ಚಿದವರನ್ನು ಸುಮ್ನೆ ಬೈಯೋಕೆ ನನಗೆ ಮನಸ್ಸಿಲ್ಲ. 1950ರ ದೊಡ್ಡ ಭೂಕಂಪದಲ್ಲಿ ಗುಡ್ಡಗಳು ಕುಸಿದು, ಆ ಮಣ್ಣೆಲ್ಲ ನದಿಗೆ ಬಂದು, ಬ್ರಹ್ಮಪುತ್ರದ ತಳವೇ ಮೇಲೆದ್ದಿತ್ತು. ಪೇಟೆ ಉಳಿಸಬೇಕಿತ್ತು, ಬೇಗ ಏನಾದರೂ ಮಾಡಬೇಕಿತ್ತು. ಆದರೆ ಅವರು ನಿಲ್ಲಿಸಿದ್ದು ನೆರೆಯನ್ನು ಮಾತ್ರ ಅಲ್ಲ, ವರ್ಷದ ಉಳಿದ ದಿನಗಳ ನೀರನ್ನೂ.

ಆಮೇಲೆ ಆಗಿದ್ದು ನಿಧಾನಕ್ಕೆ. ಮಿಸಾ, ದಿಜು ಥರದ ಸಣ್ಣ ಹೊಳೆಗಳು ಕಾರ್ಬಿ ಗುಡ್ಡಗಳಿಂದ ಬಂದು ಇದಕ್ಕೆ ಸೇರುತ್ತವೆ, ಅವುಗಳ ಮಣ್ಣೂ ಬರುತ್ತೆ. ಮೊದಲಾದರೆ ಮಳೆಗಾಲದ ರಭಸಕ್ಕೆ ಆ ಮಣ್ಣು ಕೊಚ್ಚಿಕೊಂಡು ಹೋಗ್ತಿತ್ತು, ಈಗ ತಳ್ಳೋರಿಲ್ಲ, ಅಲ್ಲೇ ಕೂರುತ್ತೆ. ಪಾತ್ರ ಕಿರಿದಾಯ್ತು, ಒಣಗಿದ ಅಂಚಿಗೆ ಬೇಲಿ ಬಂತು, ಬೇಲಿ ಹಿಂದೆ ಮನೆ ಬಂತು. ಪೇಟೆಯ ಕೊಳಚೆ ಮಾತ್ರ ತಪ್ಪದೆ ಬರುತ್ತೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲುಷಿತ ನದಿಗಳ ಪಟ್ಟಿಗೂ ಕೊಲಂಗ್ ಸೇರಿತು. ಜಾಸ್ತಿ ಪೆಟ್ಟು ಬಿದ್ದಿದ್ದು ಬೀಲ್‌ಗಳಿಗೆ, ಅಂದರೆ ಹೊಳೆಗೆ ಅಂಟಿಕೊಂಡ ಕೆರೆಗಳಿಗೆ. ಮಳೆಗಾಲದಲ್ಲಿ ದೊಡ್ಡ ನದಿಯ ಮೀನು ಇಂಥ ಕವಲು ಹಿಡಿದೇ ಬೀಲ್‌ಗೆ ಬಂದು ಮೊಟ್ಟೆ ಇಡೋದು. ಬಾಗಿಲೇ ಮುಚ್ಚಿದರೆ ಮೀನು ಎಲ್ಲಿಂದ ಬರಬೇಕು?

ನಮ್ಮಲ್ಲಿ ಆಗಸ್ಟ್ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕೆಆರ್‌ಎಸ್‌ನಿಂದ ಎಷ್ಟು ಕ್ಯೂಸೆಕ್ ಬಿಟ್ಟರು? ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡು ಕವಲಾಗಿ ಊರನ್ನೇ ದ್ವೀಪ ಮಾಡಿದೆ, ನೀರು ಜಾಸ್ತಿಯಾದರೆ ವೆಲ್ಲೆಸ್ಲಿ ಸೇತುವೆ ಹತ್ತಿರ ಯಾರನ್ನೂ ಬಿಡಲ್ಲ, ಆದರೂ ಒಂದು ಕವಲಿಗೆ ಮಣ್ಣು ಸುರಿದುಬಿಡೋಣ ಅಂತ ಯಾರೂ ಹೇಳಿದ್ದು ಕೇಳಿಲ್ಲ. ಮೇಲೆ ಗೇಟ್ ಇದೆ, ಅದಕ್ಕೇ ಆ ನೆಮ್ಮದಿ. ಗೇಟ್ ವಿಚಾರದಲ್ಲಿ ಜಗಳ ಆಡಬಹುದು, ತಡವಾಗಿ ತೆಗೆದರು, ಒಮ್ಮೆಲೇ ತೆಗೆದರು ಅಂತ ಬೈಯಬಹುದು. ಇಲ್ಲಿ ಅಸ್ಸಾಮಿನಲ್ಲಿ ಜನ ಕೇಳೋದು ಮಥಾವುರಿ, ಅಂದರೆ ನದಿಯ ಒಡ್ಡು, ಒಡೀತಾ ಇಲ್ವಾ ಅಂತ. ಒಡ್ಡಿಗೆ ಜನವರಿಯೂ ಒಂದೇ, ಜುಲೈಯೂ ಒಂದೇ.

ಹಾಗಂತ ನಮ್ಮವರು ಬುದ್ಧಿವಂತರು ಅಂತಲ್ಲ. ಬೆಂಗಳೂರಿನ ರಾಜಕಾಲುವೆಗಳನ್ನು ಕಿರಿದು ಮಾಡಿ, ಎರಡೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಿ, 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಮುಳುಗಿದಾಗ ಮಳೆಯನ್ನು ಬೈದವರೂ ನಾವೇ ಅಲ್ವಾ.

ನನ್ನ ಕೇಳಿದರೆ ಹಾತಿಮುರಾದಲ್ಲಿ ಗೇಟ್ ಇಡಬೇಕು. ನೆರೆ ಬಂದಾಗ ಇಳಿಸಿ, ಉಳಿದಂತೆ ಅಳೆದು ನೀರು ಬಿಡಬೇಕು. ಒಡ್ಡು ಪೂರ್ತಿ ಒಡೆಯಿರಿ ಅನ್ನೋರ ಜೊತೆ ನಾನಿಲ್ಲ. ಅರವತ್ತು ವರ್ಷದಲ್ಲಿ ಪಾತ್ರದೊಳಗೇ ಮನೆ ಕಟ್ಟಿಕೊಂಡವರಿದ್ದಾರೆ, ಅವರಿಗೆ ಬೇರೆ ಜಾಗ ಕೊಡದೆ ನೀರು ಬಿಡೋಕಾಗಲ್ಲ. ಗೇಟ್ ಯಾವಾಗ ಏಳಬೇಕು ಅಂತ ನಗಾಂವ್ ಪೇಟೆಯವರು ಮಾತ್ರ ಕೂತು ತೀರ್ಮಾನ ಮಾಡುವ ಹಾಗೂ ಇಲ್ಲ. ಕೆಳಗೆ ರಹಾ ಕಡೆಯವರು ಈಗಾಗಲೇ ಕಪಿಲಿ ನದಿಯ ನೆರೆಯಲ್ಲಿ ಮುಳುಗ್ತಿದ್ದಾರೆ. ಅವರನ್ನು 1964ರಲ್ಲಿ ಎಷ್ಟು ಕೇಳಿದ್ದರೋ, ಈ ಸಲವಾದರೂ ಮೊದಲು ಕೇಳಲಿ.